ಕೀಬೋರ್ಡ್ ಯಾರ ಕಡೆಗಿದೆ?

ಅವಳನ್ನು ಕಾವ್ಯ ಅನ್ನೋಣ. ಹೆಸರು, ಕೆಲವು ವಿವರ ಬದಲಿಸಿದ್ದೇನೆ. ಎಂಜಿನಿಯರಿಂಗ್ ಮೂರನೇ ಸೆಮಿಸ್ಟರ್, ಕಂಪ್ಯೂಟರ್ ಸೈನ್ಸ್. ಪಿಯುಸಿ ಗಣಿತದಲ್ಲಿ 97. ಸಲಹೆ ಕೇಳಲು ನನ್ನ ಹತ್ತಿರ ಬಂದವಳು, "ಮೇಡಂ, ಕೋಡಿಂಗ್ ನನ್ನ ತಲೆಗೆ ಹತ್ತಲ್ಲ. ಬ್ರಾಂಚ್ ಬಿಡ್ತೀನಿ" ಎಂದಳು.

ಮೊದಲ ಸಲ ನಾನೇ ಎಡವಿದೆ. ಪರೀಕ್ಷೆಯ ಭಯ ಅಂದುಕೊಂಡು ಉಸಿರಾಟದ ಅಭ್ಯಾಸ ಹೇಳಿಕೊಟ್ಟು ಕಳಿಸಿದೆ. ಎರಡನೇ ಸಲ, "ಲ್ಯಾಬ್‌ಗೆ ಹೋದ್ಮೇಲೆ ಏನೇನಾಗುತ್ತೆ, ಒಂದೊಂದಾಗಿ ಹೇಳು" ಎಂದೆ.

ಒಂದು ಸಿಸ್ಟಂಗೆ ಇಬ್ಬರು. ಜೊತೆಗಾರ ಹುಡುಗ ಕೂತ ತಕ್ಷಣ ಕೀಬೋರ್ಡ್ ತನ್ನ ಕಡೆ ಎಳೆದುಕೊಳ್ಳುತ್ತಾನೆ. ಇವಳು ಪಕ್ಕದ ಸ್ಟೂಲಲ್ಲಿ ಕೂತು ಇಬ್ಬರ ರೆಕಾರ್ಡೂ ಬರೆಯುತ್ತಾಳೆ. "ನಿನ್ನ ಅಕ್ಷರ ಸೂಪರ್" ಅಂತ ಅವನ ಹೊಗಳಿಕೆ ಬೇರೆ. ತಂಡವಾಗಿ ಕೂತು ಪ್ರೋಗ್ರಾಂ ಬರೆಯುವ ಸ್ಪರ್ಧೆ ಹ್ಯಾಕಥಾನ್‌ನಲ್ಲೂ ಪಿಪಿಟಿ ಇವಳ ಪಾಲು. ಕೋಡಿಂಗ್ ನಡೆಯುವುದು ರಾತ್ರಿ, ಹುಡುಗಿಯರ ಹಾಸ್ಟೆಲ್ ಗೇಟಿಗೆ ಎಂಟೂವರೆಗೇ ಬೀಗ. ಇಷ್ಟು ದಿನದಲ್ಲಿ ಲ್ಯಾಬಲ್ಲಿ ತಾನೇ ಟೈಪ್ ಮಾಡಿ ರನ್ ಮಾಡಿದ ಪ್ರೋಗ್ರಾಂ ಎಷ್ಟು? ಬೆರಳು ಮಡಚಿ ಎಣಿಸಿದಳು. ನಾಲ್ಕು. ಮನೆಯ ಲ್ಯಾಪ್‌ಟಾಪ್ ಇದ್ದದ್ದು ಅಣ್ಣನ ರೂಮಿನಲ್ಲಿ.

ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಕಥೆ ಹೇಳಿದೆ. ಅಲ್ಲಿ 1995ರಲ್ಲಿ ಕಂಪ್ಯೂಟರ್ ಸೈನ್ಸಿಗೆ ಸೇರಿದವರಲ್ಲಿ ಹುಡುಗಿಯರು ಶೇ. 7. ಜೇನ್ ಮಾರ್ಗೋಲಿಸ್, ಅಲನ್ ಫಿಶರ್ ಎಂಬ ಸಂಶೋಧಕರು ವಿದ್ಯಾರ್ಥಿಗಳ ಜೊತೆ ಕೂತು ವಿಚಾರಿಸಿದರೆ ಅಲ್ಲೂ ಇದೇ: ಮನೆಯ ಕಂಪ್ಯೂಟರ್ ಎಷ್ಟೋ ಕಡೆ ಮಗನ ರೂಮಿನಲ್ಲಿತ್ತು. ಮೊದಲೇ ಕೈ ಪಳಗಿದವರನ್ನು ಎಲ್ಲರೂ ಹುಟ್ಟು ಜಾಣರು ಅಂದುಕೊಂಡಿದ್ದರು. ಆಮೇಲೆ ವಿಶ್ವವಿದ್ಯಾಲಯದವರು ಕೋಡಿಂಗ್ ಅನುಭವ ಇದ್ದವರಿಗೇ ಪ್ರವೇಶದಲ್ಲಿ ಕೊಡುತ್ತಿದ್ದ ಒತ್ತು ಕಡಿಮೆ ಮಾಡಿದರು, ಹೊಸಬರು ಶುರು ಮಾಡಲು ಬೇರೆ ದಾರಿ ಮಾಡಿಕೊಟ್ಟರು. 2000ದಲ್ಲಿ ಶೇ. 42.

"ಅವನು ಎಂಟನೇ ಕ್ಲಾಸಿಂದ ಮಾಡ್ತಿದ್ದಾನೆ ಮೇಡಂ."

"ನೀನು ನಾಲ್ಕೇ ಪ್ರೋಗ್ರಾಂ ಮಾಡಿ ಅವನ ಜೊತೆ ಹೋಲಿಸ್ಕೊಳ್ತಿದ್ದೀಯ, ಅಲ್ವಾ?"

ಧೈರ್ಯವಾಗಿರು ಅಂತ ಹೇಳಲಿಲ್ಲ. ಆ ಮಾತಿಂದ ಯಾರ ಸ್ಟೂಲೂ ಬದಲಾಗಿದ್ದು ನಾನು ಕಂಡಿಲ್ಲ. ಬ್ರಾಂಚ್ ವಿಚಾರ ಸೆಮಿಸ್ಟರ್ ಮುಗಿಯುವವರೆಗೆ ಬೇಡ ಎಂದೆ. ಲ್ಯಾಬ್‌ಗೆ ಐದು ನಿಮಿಷ ಮೊದಲೇ ಹೋಗಿ ಕೀಬೋರ್ಡ್ ಮುಂದೆ ಕೂರು. ಅವನ ರೆಕಾರ್ಡ್ ಅವನೇ ಬರೆಯಲಿ. ಎರರ್ ಬಂದಾಗ ಅವನು ಕೈ ಚಾಚಿದರೆ, "ಬಾಯಲ್ಲಿ ಹೇಳು, ನಾನೇ ಟೈಪ್ ಮಾಡ್ತೀನಿ" ಅನ್ನು. ಈ ಸಾಲನ್ನು ನನ್ನೆದುರೇ ಹೇಳಿಸಿದೆ. ಮೂರನೇ ಸಲಕ್ಕೆ ನಕ್ಕುಬಿಟ್ಟಳು. ಅವಳ ಒಪ್ಪಿಗೆ ಪಡೆದು, ಹೆಸರೆತ್ತದೆ, ಲ್ಯಾಬ್ ಮೇಡಂ ಹತ್ತಿರವೂ ಮಾತಾಡಿದೆ. ವಾರಕ್ಕೊಬ್ಬರು ಕೀಬೋರ್ಡ್ ಹಿಡಿಯಲಿ ಅಂತ. ನೋಡೋಣ ಎಂದರು. ಹಾಸ್ಟೆಲ್ ಗೇಟಿನ ವಿಚಾರದಲ್ಲಿ ನನ್ನ ಕೈಲಿ ಏನೂ ಆಗಲಿಲ್ಲ.

ತಿಂಗಳ ಮೇಲೆ ಮತ್ತೆ ಬಂದಳು. ಮಾಹಿತಿಯನ್ನು ಸರಪಳಿಯಂತೆ ಒಂದಕ್ಕೊಂದು ಜೋಡಿಸುವ ಲಿಂಕ್ಡ್ ಲಿಸ್ಟ್ ಪ್ರೋಗ್ರಾಂ ಮೂರು ಗಂಟೆ ತಿಂದಿತಂತೆ. ತಪ್ಪು ಎಲ್ಲಿತ್ತು ಅಂತ ಕಾಗದದ ಮೇಲೆ ಬಾಣದ ಗುರುತು ಹಾಕಿ ತೋರಿಸಿದಳು, ನನಗೆ ಅರ್ಧ ಅರ್ಥವಾಯಿತು. ಜೊತೆಗಾರ ಮುನಿಸಿಕೊಂಡಿದ್ದಾನೆ. ರೆಕಾರ್ಡ್ ಬರೆಯಲು ಪಕ್ಕದ ಬ್ಯಾಚಿನ ಇನ್ನೊಬ್ಬಳನ್ನು ಹುಡುಕಿಕೊಂಡಿದ್ದಾನಂತೆ.