ಆ 600 ಗೇಮ್ ನೀವು ಕೇಳಿ ತಗೊಂಡಿದ್ದಲ್ಲ

ಹುಬ್ಬಳ್ಳಿಯಿಂದ ಒಬ್ಬ ಓದುಗರು ಬರೆದಿದ್ದಾರೆ. ಬ್ಯಾಂಕ್ ಕೆಲಸ, ಮನೇಲಿ ಎರಡು ವರ್ಷದ ಮಗಳು, ವಾರಕ್ಕೆ ಹೆಚ್ಚಂದ್ರೆ ನಾಲ್ಕು ಗಂಟೆ ಗೇಮ್ ಆಡೋಕೆ ಸಿಗುತ್ತಂತೆ. 2016ರಿಂದ ಗೇಮ್‌ಗಳನ್ನ ಗುಂಪಾಗಿ ಅಗ್ಗಕ್ಕೆ ಮಾರೋ ಸೈಟ್ ಹಂಬಲ್ ಬಂಡಲ್‌ನ ತಿಂಗಳ ಸಬ್‌ಸ್ಕ್ರಿಪ್ಷನ್, ಎಪಿಕ್ ಸ್ಟೋರ್ ವಾರವಾರ ಕೊಡೋ ಫ್ರೀ ಗೇಮ್, ಅದರ ಮೇಲೆ ತಿಂಗಳ ಶುಲ್ಕಕ್ಕೆ ಗೇಮ್ ಆಡೋಕೆ ಬಿಡೋ ಮೈಕ್ರೋಸಾಫ್ಟಿನ ಗೇಮ್ ಪಾಸ್, ಎಲ್ಲಾ ಸೇರಿ 600ಕ್ಕೂ ಹೆಚ್ಚು ಗೇಮ್ ಒಂದ್ಸಲಾನೂ ಓಪನ್ ಆಗದೆ ಬಿದ್ದಿವೆ. “ಎಕ್ಸೆಲ್ ಶೀಟ್ ಮಾಡಿ ಎ ಇಂದ ಝಡ್‌ವರೆಗೆ ಒಂದೊಂದೇ ಮುಗಿಸ್ತಾ ಇದೀನಿ, ಆರು ತಿಂಗಳಾದ್ರೂ ಬಿ ದಾಟಿಲ್ಲ. ಕೊಟ್ಟ ದುಡ್ಡು ವೇಸ್ಟ್ ಆಗ್ತಿದೆ ಅಂತ ಸಂಕಟ. ಯಾವ ಕ್ರಮದಲ್ಲಿ ಆಡಿದ್ರೆ ಮುಗಿಯುತ್ತೆ? ಸಬ್‌ಸ್ಕ್ರಿಪ್ಷನ್ ಮುಂದುವರಿಸ್ಲಾ? ಮನೇಲಿರೋ ತಮ್ಮ ನನ್ನ ಸ್ಟೀಮ್ ಲೈಬ್ರರಿ ಕೇಳ್ತಿದಾನೆ, ಕೊಡಬಹುದಾ?” ಅಂತ ಕೇಳಿದ್ದಾರೆ. (ಸ್ಟೀಮ್ ಅಂದ್ರೆ ಕಂಪ್ಯೂಟರ್ ಗೇಮ್ ಮಾರೋ ಆನ್‌ಲೈನ್ ಅಂಗಡಿ, ಅಲ್ಲಿ ನಮ್ಮ ಅಕೌಂಟಲ್ಲಿರೋ ಗೇಮ್‌ಗಳೆಲ್ಲಾ ಸೇರಿ ಲೈಬ್ರರಿ.)

ನಮಸ್ಕಾರ ಸರ್,

ನೀವು ಬ್ಯಾಂಕಿನವರು, ನಿಮಗೆ ಲೆಕ್ಕ ಹೇಳ್ಕೊಡೋದು ತಮಾಷೆನೇ, ಆದ್ರೂ ಆ ಶೀಟಲ್ಲಿ ಒಂದು ಕಾಲಂ ಬಿಟ್ಟುಹೋಗಿದೆ ಅನ್ಸುತ್ತೆ. ಒಂದು ಗೇಮಿಗೆ ಸರಾಸರಿ 10 ಗಂಟೆ ಅಂತ ಇಟ್ಕೊಂಡ್ರೂ 600ಕ್ಕೆ 6000 ಗಂಟೆ. ವಾರಕ್ಕೆ 4 ಗಂಟೆ ಅಂದ್ರೆ ವರ್ಷಕ್ಕೆ 200 ಚಿಲ್ಲರೆ. ಹತ್ತಿರಹತ್ತಿರ 30 ವರ್ಷ ಆಯ್ತು, ಅದೂ ಇವತ್ತಿಂದ ಒಂದೇ ಒಂದು ಹೊಸ ಗೇಮ್ ಸೇರಿಸದೇ ಇದ್ರೆ. ಅಷ್ಟೊತ್ತಿಗೆ ನಿಮ್ಮ ಮಗಳು ಅವಳ ಹೋಮ್ ಲೋನ್ ಕಟ್ತಾ ಇರ್ತಾಳೆ. ಹಾಗಾಗಿ ಕ್ರಮದ ಪ್ರಶ್ನೆಗೆ ನೇರ ಉತ್ತರ ಅಂದ್ರೆ, ಯಾವ ಕ್ರಮದಲ್ಲಿ ಆಡಿದ್ರೂ ಮುಗಿಯಲ್ಲ. ಎ ಇಂದ ಝಡ್ ಅಂತೂ ಇರೋದ್ರಲ್ಲೇ ಕೆಟ್ಟ ಕ್ರಮ, ಗೇಮಿನ ಹೆಸರಿನ ಮೊದಲ ಅಕ್ಷರಕ್ಕೂ ನಿಮ್ಮ ಮೂಡಿಗೂ ಏನು ಸಂಬಂಧ ಹೇಳಿ.

ಆದ್ರೆ ನಿಜವಾದ ತಕರಾರು ಕ್ರಮದ್ದಲ್ಲ, ಆ 600 ಅನ್ನೋ ಸಂಖ್ಯೆದು. ಅದು ಹೇಗೆ ಬೆಳೀತು ಅಂತ ಸ್ವಲ್ಪ ಹಿಂದೆ ಹೋಗಿ ನೋಡೋಣ. 2010ರ ಮೇ ತಿಂಗಳಲ್ಲಿ ಮೊದಲ ಹಂಬಲ್ ಇಂಡೀ ಬಂಡಲ್ ಬಂದಾಗ ವರ್ಲ್ಡ್ ಆಫ್ ಗೂ, ಅಕ್ವೇರಿಯಾ, ಗಿಶ್, ಲುಗಾರು, ಪೆನಂಬ್ರಾ ಅಂತ ಬೆರಳೆಣಿಕೆಯಷ್ಟು ಗೇಮ್ ಇದ್ವು, ರೇಟ್ ನೀವೇ ಹೇಳಿ ಅಂದಿದ್ರು, ಆ ದುಡ್ಡಲ್ಲಿ ಗೇಮ್ ಮಾಡಿದವರಿಗೆಷ್ಟು, ಚಾರಿಟಿಗೆಷ್ಟು ಅಂತ ಹಂಚೋದೂ ನಮ್ಮ ಕೈಲೇ ಇತ್ತು. ಆಗ ತಗೊಂಡವರು ಏನು ಬರುತ್ತೆ ಅಂತ ನೋಡಿಯೇ ತಗೊಂಡ್ರು. 2015ರ ಅಕ್ಟೋಬರಲ್ಲಿ ಹಂಬಲ್ ಮಂತ್ಲಿ ಶುರುವಾಯ್ತು ನೋಡಿ, ತಿಂಗಳಿಗೆ 12 ಡಾಲರ್, ಅಲ್ಲಿಂದ ವ್ಯವಹಾರದ ಸ್ವರೂಪಾನೇ ಬೇರೆ ಆಯ್ತು. ಒಂದು ದೊಡ್ಡ ಗೇಮನ್ನ ಮುಂಚೆನೇ ತೋರಿಸಿ ಕೈಗೂ ಕೊಟ್ಬಿಡೋರು, ಉಳಿದಿದ್ದು ಏನು ಅನ್ನೋದು ತಿಂಗಳ ಕೊನೆವರೆಗೂ ಗುಟ್ಟು. 2018ರಲ್ಲಿ ಒಂದು ತಿಂಗಳು ಸಿವಿಲೈಸೇಷನ್ 6 ಕೊಟ್ಟಿದ್ರು, 60 ಡಾಲರಿನ ಗೇಮ್ 12ಕ್ಕೆ ಅಂದ್ರೆ ಯಾರು ಬಿಡ್ತಾರೆ, ಎಷ್ಟೋ ಜನ ಅದೊಂದಕ್ಕೇ ಕಾರ್ಡ್ ಉಜ್ಜಿದ್ದು. ಜೊತೆಗೆ ಬಂದ ಉಳಿದ ಗೇಮ್‌ಗಳ ಹೆಸರು ದುಡ್ಡು ಕೊಡೋವಾಗ ಅವರಿಗೆ ಗೊತ್ತೇ ಇರ್ಲಿಲ್ಲ! ಹೆಸರೇ ಗೊತ್ತಿಲ್ಲದ ಗೇಮ್ ಆಡಿಲ್ಲ ಅಂತ ಈಗ ಸಂಕಟ ಪಡೋದು ಯಾಕೆ? ನಾವು ಪೇಪರ್ ತರಿಸ್ತೀವಿ, ಅದರಲ್ಲಿ ಬರೋ ಟೆಂಡರ್ ನೋಟಿಸ್ ಎಲ್ಲಾ ಓದಿ ಮುಗಿಸಿಲ್ಲ ಅಂತ ಯಾರಾದ್ರೂ ನಿದ್ದೆ ಕೆಡಿಸ್ಕೋತಾರಾ.

2019ರ ಡಿಸೆಂಬರಲ್ಲಿ ಮಂತ್ಲಿ ಹೋಗಿ ಹಂಬಲ್ ಚಾಯ್ಸ್ ಆಯ್ತು, ಈಗ ಗುಟ್ಟು ಗಿಟ್ಟು ಏನಿಲ್ಲ, ಆ ತಿಂಗಳ ಲಿಸ್ಟ್ ಮೊದಲೇ ಕಾಣ್ಸುತ್ತೆ, ಬೇಡ ಅಂದ್ರೆ ಆ ತಿಂಗಳು ಸ್ಕಿಪ್ ಮಾಡಬಹುದು. ನೀವು ಒಂದ್ಸಲಾನೂ ಸ್ಕಿಪ್ ಒತ್ತಿಲ್ಲ ಅನ್ನೋದು ನಿಮ್ಮ ಶೀಟ್ ನೋಡಿದ್ರೇ ಗೊತ್ತಾಗುತ್ತೆ.

ಈಗ ಮಾಡ್ಬೇಕಾದ ಕೆಲಸ ಹೇಳ್ತೀನಿ. ಶೀಟ್ ಓಪನ್ ಮಾಡಿ, ಪ್ರತಿ ಹೆಸರಿನ ಮುಂದೆ ಒಂದೇ ಪ್ರಶ್ನೆ: ಇದು ಬಂಡಲಲ್ಲಿ ಬರದೇ ಇದ್ದಿದ್ರೆ ನಾನಾಗೇ ಹುಡ್ಕೊಂಡು ಹೋಗ್ತಿದ್ನಾ? ಇಲ್ಲ ಅಂದ್ರೆ ಆ ಸಾಲು ಡಿಲೀಟ್. ಗೇಮ್ ಅಕೌಂಟಲ್ಲೇ ಇರುತ್ತೆ, ಎಲ್ಲೂ ಓಡಿಹೋಗಲ್ಲ, ಶೀಟಿಂದ ಮಾತ್ರ ಹೋಗುತ್ತೆ, ಸ್ಟೀಮಲ್ಲಿ ಹೈಡ್ ಮಾಡೋ ಆಪ್ಷನ್ ಇದೆ, ಅದನ್ನೂ ಬಳಸಿ. ಎಪಿಕ್‌ನ ಫ್ರೀ ಗೇಮ್‌ಗಳಿಗಂತೂ ಈ ಪ್ರಶ್ನೆ ಕೇಳುವಾಗ ಕರುಣೆ ತೋರಿಸ್ಬೇಡಿ, 2018ರ ಡಿಸೆಂಬರಲ್ಲಿ ಅಂಗಡಿ ತೆರೆದಾಗಿಂದ ಅವರು ಫ್ರೀ ಕೊಡ್ತಿರೋದು ಜನ ಸ್ಟೀಮ್ ಬಿಟ್ಟು ತಮ್ಮ ಕಡೆ ಬರ್ಲಿ ಅಂತ, ಅದು ಅವರ ಜಾಹೀರಾತು ಖರ್ಚು, ನಿಮ್ಮ ದುಡ್ಡಲ್ಲ. ಹೀಗೆ ಜಾಲಾಡಿದ ಮೇಲೆ ಮೂವತ್ತು ನಲವತ್ತು ಉಳಿದ್ರೆ ಅದೇ ದೊಡ್ಡದು.

ಇಷ್ಟು ಕಮ್ಮಿ ಸಾಕಾ ಅಂತ ಅನ್ಸಿದ್ರೆ ಸ್ಟೀಮ್‌ನವರೇ ಕೊಟ್ಟ ಲೆಕ್ಕ ನೋಡಿ. 2024ರಲ್ಲಿ ಒಬ್ಬ ಆಟಗಾರ ಇಡೀ ವರ್ಷ ಆಡಿದ ಗೇಮ್‌ಗಳ ಮೀಡಿಯನ್, ಅಂದ್ರೆ ಎಲ್ಲರನ್ನೂ ಸಾಲಾಗಿ ನಿಲ್ಸಿದ್ರೆ ನಟ್ಟನಡುವೆ ಬರೋರ ಸಂಖ್ಯೆ, ಬರೀ 4. ಆ ವರ್ಷ ಜನ ಆಡಿದ ಒಟ್ಟು ಸಮಯದಲ್ಲಿ 2024ರದ್ದೇ ಹೊಸ ಗೇಮ್‌ಗಳ ಪಾಲು 15%, ಉಳಿದಿದ್ದೆಲ್ಲಾ ಹಳೇ ಗೇಮ್. ಅಂದ್ರೆ ಎಲ್ಲರೂ ಹಳೇದನ್ನೇ ಆಡ್ತಿದಾರೆ, ನೀವು ಹಿಂದೆ ಬಿದ್ದಿದೀರಿ ಅನ್ನೋ ಮಾತೇ ಇಲ್ಲ.

ಉಳಿದ ಮೂವತ್ತು ನಲವತ್ತರಲ್ಲಿ ಯಾವುದು ಮೊದಲು? ಇಲ್ಲಿ ಕ್ರಮಕ್ಕೆ ಅರ್ಥ ಇದೆ. ಯಾವುದು ಕೈತಪ್ಪಿ ಹೋಗುತ್ತೋ ಅದು ಮೊದಲು. ನೀವು ಒಂದೇ ಶೀಟಲ್ಲಿ ಹಾಕಿರೋ ಗೇಮ್‌ಗಳು ನಿಜಕ್ಕೂ ಒಂದೇ ಜಾತಿಯವಲ್ಲ. ಗೇಮ್ ಪಾಸಿನದ್ದು ನಿಮ್ಮದಲ್ಲವೇ ಅಲ್ಲ, ತಿಂಗಳ ಮಧ್ಯಕ್ಕೊಂದ್ಸಲ ಕೊನೆಗೊಂದ್ಸಲ ಕೆಲವು ಗೇಮ್ ಹೊರಗೆ ಹೋಗ್ತವೆ, ಗೇಮ್ ಪಾಸ್ ಆ್ಯಪ್ ಒಳಗೆ ಲೀವಿಂಗ್ ಸೂನ್ ಅಂತ ಒಂದು ಸಾಲು ಬರುತ್ತೆ, ಸುಮಾರು ಎರಡು ವಾರ ಮುಂಚೆ. ನಿಮಗೆ ನಿಜಕ್ಕೂ ಬೇಕಾದ ಗೇಮ್ ಅಲ್ಲಿ ಕಂಡ್ರೆ ಬೇರೆಲ್ಲಾ ಬಿಟ್ಟು ಅದನ್ನ ಹಿಡೀರಿ, ಅರ್ಧಕ್ಕೆ ನಿಂತ್ರೆ ಮೆಂಬರ್ ಡಿಸ್ಕೌಂಟಲ್ಲಿ ಕೊಂಡ್ಕೊಳ್ಳಿ, ಸೇವ್ ಫೈಲ್ ಕ್ಲೌಡಲ್ಲಿ ಇರುತ್ತೆ, ನಿಂತಲ್ಲಿಂದಲೇ ಮುಂದುವರಿಸಬಹುದು. ಮೈಕ್ರೋಸಾಫ್ಟಿನ ಸ್ವಂತ ಗೇಮ್ ಆದ್ರೂ ಪೂರ್ತಿ ಗ್ಯಾರಂಟಿ ಇಲ್ಲ, ಫೋರ್ಜಾ ಹೊರೈಜನ್ 4 ಇತ್ತಲ್ಲ, ಕಾರು ಮ್ಯೂಸಿಕ್ ಲೈಸೆನ್ಸ್ ಅವಧಿ ಮುಗೀತು ಅಂತ 2024ರ ಡಿಸೆಂಬರಲ್ಲಿ ಅಂಗಡಿಯಿಂದಲೇ ತೆಗೆದ್ರು. ಸೋನಿಯ ಇಂಥದ್ದೇ ಸೇವೆ ಪ್ಲೇಸ್ಟೇಷನ್ ಪ್ಲಸ್ ಇರೋ ಬೇರೆ ಓದುಗರಿಗೂ ಒಂದು ಮಾತು, ತಿಂಗಳ ಗೇಮ್ ಅಂತ ನೀವು ಲೈಬ್ರರಿಗೆ ಸೇರಿಸ್ಕೊಂಡಿದ್ದು ಸಬ್‌ಸ್ಕ್ರಿಪ್ಷನ್ ಇರೋವರೆಗೆ ಮಾತ್ರ ಓಪನ್ ಆಗುತ್ತೆ, ನಿಲ್ಸಿದ್ರೆ ಬೀಗ.

ಹಂಬಲ್‌ದು ಹೆಚ್ಚಾಗಿ ಸ್ಟೀಮ್ ಕೀ, ಅಂದ್ರೆ ಸ್ಟೀಮಲ್ಲಿ ಹಾಕಿ ಗೇಮ್ ಪಡೆಯೋ ಕೋಡ್, ಒಂದ್ಸಲ ರಿಡೀಮ್ ಮಾಡಿದ್ರೆ ಅಕೌಂಟಲ್ಲಿ ಉಳಿಯುತ್ತೆ. ಆದ್ರೆ ಕೆಲವು ಕೀಗಳಿಗೆ ಕೊನೇ ದಿನಾಂಕ ಇರುತ್ತೆ, ರಿಡೀಮ್ ಮಾಡದೆ ಬಿಟ್ಟಿದ್ದೇನಾದ್ರೂ ಇದೆಯಾ ಅಂತ ಒಂದು ಸಂಜೆ ಕೂತು ನೋಡ್ಬಿಡಿ. ರಿಡೀಮ್ ಮಾಡಿದ್ರಲ್ಲೂ ಸರ್ವರ್ ಮೇಲೆ ನಡೆಯೋ ಗೇಮಿದ್ರೆ ಅದನ್ನ ಮುಂದಕ್ಕೆ ಹಾಕ್ಬೇಡಿ. ಯೂಬಿಸಾಫ್ಟ್ 2014ರಲ್ಲಿ ಮಾರಿದ ದ ಕ್ರೂ ಅನ್ನೋ ಕಾರ್ ಗೇಮಿನ ಸರ್ವರ್ 2024ರ ಮಾರ್ಚ್ 31ಕ್ಕೆ ಬಂದ್ ಆಯ್ತು, ಡಿಸ್ಕ್ ಇಟ್ಕೊಂಡವರಿಗೂ ಗೇಮ್ ಇಲ್ಲ. ಒಬ್ಬರೇ ಆಫ್‌ಲೈನ್ ಆಡೋ ಗೇಮ್‌ಗಳು ಮಾತ್ರ ನಿಧಾನಕ್ಕೆ ಕಾಯ್ತವೆ, ಅವಕ್ಕೆ ಆತುರ ಬೇಡ.

ಇನ್ನು ನಾಲ್ಕು ಗಂಟೆ. ಅದು ಒಂದೇ ಪಟ್ಟಲ್ಲಿ ಸಿಗಲ್ಲ ಅಂತ ನನ್ನ ಊಹೆ, ಮಗಳು ಮಲಗಿದ ಮೇಲೆ ಇವತ್ತು ಮುಕ್ಕಾಲು ಗಂಟೆ ನಾಳೆ ಒಂದು ಗಂಟೆ ಅಂತ ಬರ್ತಿರುತ್ತೆ, ಆ ಟೈಮಲ್ಲಿ 20 ಗಂಟೆಯ ಗೇಮ್ ಶುರು ಮಾಡಿ ನಿಲ್ಸಿ, ಇನ್ನೊಂದು ಶುರು ಮಾಡಿ ನಿಲ್ಸಿ, ಕೊನೆಗೆ ಬಿ ಅಕ್ಷರದಲ್ಲೇ ಬೀಡು ಬಿಟ್ಟಿದೀರಿ. ಮೊದಲು ಚಿಕ್ಕದು ಹಿಡೀರಿ. ಎ ಶಾರ್ಟ್ ಹೈಕ್ ಒಂದೂವರೆ ಎರಡು ಗಂಟೆ, ವಾಟ್ ರಿಮೇನ್ಸ್ ಆಫ್ ಎಡಿತ್ ಫಿಂಚ್ ಕೂಡ ಅಷ್ಟೇ, 2007ರ ಪೋರ್ಟಲ್ ಮೂರು ಗಂಟೆ, ಅನ್‌ಪ್ಯಾಕಿಂಗ್ ನಾಲ್ಕು. ವೆನ್ಬಾ (Venba) ಅಂತ ಇದೆ, ಟೊರಾಂಟೋದ ವಿಸೈ ಗೇಮ್ಸ್ ಮಾಡಿದ್ದು, 2023ರ ಜುಲೈಯಲ್ಲಿ ಬಿಡುಗಡೆ ದಿನವೇ ಗೇಮ್ ಪಾಸಿಗೂ ಬಂತು. ಕೆನಡಾಕ್ಕೆ ಹೋಗಿ ನೆಲೆಸಿದ ತಮಿಳು ಕುಟುಂಬದ ಕಥೆ, ಆಟ ಎಲ್ಲಾ ಅಡುಗೆಮನೇಲಿ. ಮೊದಲನೇ ಅಡುಗೆನೇ ಇಡ್ಲಿ, ಅಮ್ಮನಿಂದ ಬಂದ ಅಡುಗೆ ಪುಸ್ತಕದಲ್ಲಿ ಕೆಲವು ಸಾಲು ಅಳಿಸಿಹೋಗಿವೆ, ತಟ್ಟೆಗಳನ್ನ ಯಾವ ಥರ ಜೋಡಿಸಿದ್ರೆ ಇಡ್ಲಿ ಸರಿಯಾಗಿ ಬೇಯುತ್ತೆ ಅಂತ ನೀವೇ ಕಂಡ್ಕೋಬೇಕು. ಅಮೆರಿಕದವರು ಅಲ್ಲಿ ತಲೆ ಕೆರ್ಕೊಂಡಿರಬಹುದು, ನಮ್ಮ ಮನೆಗಳಲ್ಲಿ ಇಡ್ಲಿ ಪಾತ್ರೆ ಒಂದ್ಸಲ ತೊಳೆದವರಿಗೂ ಉತ್ತರ ಗೊತ್ತು. ಒಂದು ಒಂದೂವರೆ ಗಂಟೆಗೆ ಮುಗಿಯುತ್ತೆ, ಮನೆಯವರನ್ನೂ ಪಕ್ಕದಲ್ಲಿ ಕೂರಿಸ್ಕೊಂಡು ಆಡಿ.

ದೊಡ್ಡ ಗೇಮ್ ಒಂದೇ ಒಂದು ಇರ್ಲಿ. ವಿಚರ್ 3 ಮುಖ್ಯ ಕಥೆಗೇ 50 ಗಂಟೆ ಹತ್ತಿರ, ನಿಮ್ಮ ಲೆಕ್ಕದಲ್ಲಿ ಮೂರು ತಿಂಗಳು, ಪರವಾಗಿಲ್ಲ, ಮೂರು ತಿಂಗಳು ಆಡಿ. ಕಷ್ಟ ಏನಂದ್ರೆ ಮಧ್ಯೆ ಕ್ವಾರ್ಟರ್ ಎಂಡ್ ಬಂತು, ಎರಡು ವಾರ ಮುಟ್ಲಿಲ್ಲ, ವಾಪಸ್ ಬಂದ್ರೆ ಯಾವ ಬಟನ್ ಏನು, ಈ ಊರಿಗೆ ಯಾಕೆ ಬಂದಿದ್ದೆ, ಇವನ್ಯಾರು ಅಂತ ಒಂದೂ ನೆನಪಿರಲ್ಲ, ಅಲ್ಲಿಗೆ ಎಷ್ಟೋ ಜನ ಕೈಬಿಡ್ತಾರೆ. ಎದ್ದು ಹೋಗೋ ಮುಂಚೆ ಫೋನಲ್ಲಿ ಎರಡು ಸಾಲು ಬರ್ಕೊಳ್ಳಿ, “ನೊವಿಗ್ರಾಡಲ್ಲಿದೀನಿ, ಡ್ಯಾಂಡೇಲಿಯನ್‌ನ ಹುಡುಕ್ತಿದೀನಿ, ಬೆಳ್ಳಿ ಕತ್ತಿ ರಿಪೇರಿ ಮಾಡಿಸ್ಬೇಕು” ಅಂತ, ಅಷ್ಟು ಸಾಕು. ಇನ್‌ಸ್ಟಾಲ್ ಮಾಡಿದ್ದೂ ಎರಡು ಮೂರೇ ಇರ್ಲಿ. ಬಾಲ್ಡರ್ಸ್ ಗೇಟ್ 3 ಒಂದೇ 150 ಜಿಬಿ ಜಾಗ ಕೇಳುತ್ತೆ, ಎಕ್ಸ್‌ಬಾಕ್ಸ್ ಸೀರೀಸ್ ಎಸ್‌ನ 512 ಜಿಬಿಯಲ್ಲಿ ನಮ್ಮ ಕೈಗೆ ಸಿಗೋದೇ 364, ಜಾಗ ಕಮ್ಮಿ ಇರೋದು ಈ ವಿಷಯದಲ್ಲಿ ಒಳ್ಳೇದೇ ಅಂತೀನಿ.

ಶುರು ಮಾಡಿದ್ದನ್ನ ಮುಗಿಸಲೇಬೇಕು ಅನ್ನೋ ಹಠ ಬೇಡ. ದುಡ್ಡು ಕೊಟ್ಟು ತಗೊಂಡ ಗೇಮ್ ಇಷ್ಟ ಆಗ್ಲಿಲ್ಲ ಅಂದ್ರೆ 14 ದಿನದೊಳಗೆ, ಆಡಿದ್ದು 2 ಗಂಟೆಗಿಂತ ಕಮ್ಮಿ ಇದ್ರೆ ಸ್ಟೀಮ್ ವಾಪಸ್ ತಗೊಳ್ಳುತ್ತೆ. ಬಂಡಲ್ ಕೀಗೆ ಆ ರೀಫಂಡ್ ಇಲ್ಲ, ಆದ್ರೂ ಆ ಎರಡು ಗಂಟೆಯ ಗಡಿ ನೀವೂ ಹಾಕ್ಕೊಳ್ಳಿ. ಎರಡು ಗಂಟೆ ಆದ್ಮೇಲೂ ನಾಳೆ ಯಾವಾಗ ಕೂರ್ತೀನೋ ಅನ್ನಿಸ್ಲಿಲ್ಲ ಅಂದ್ರೆ ಅನ್‌ಇನ್‌ಸ್ಟಾಲ್. ಅಚೀವ್‌ಮೆಂಟ್ ಪರ್ಸೆಂಟೇಜ್ (ಗೇಮೊಳಗಿನ ಸಣ್ಣಪುಟ್ಟ ಗುರಿಗಳಲ್ಲಿ ಎಷ್ಟು ಮುಗಿಸಿದ್ರಿ ಅನ್ನೋ ಲೆಕ್ಕ) ಬಗ್ಗೆ ನಾನು ಮಾತೇ ಆಡಲ್ಲ, ಅದನ್ನ ಬೆನ್ನುಹತ್ತೋದು ಬೇರೆಯದೇ ಕಾಯಿಲೆ, ಅದಕ್ಕೆ ಬೇರೆ ಪತ್ರ ಬರೀರಿ.

ಸಬ್‌ಸ್ಕ್ರಿಪ್ಷನ್ ವಿಷಯ. ಹಂಬಲ್ ಪ್ರತಿ ತಿಂಗಳು ಸ್ಕಿಪ್, ಲಿಸ್ಟಲ್ಲಿ ನೀವು ಮೊದಲಿಂದ ಕಾಯ್ತಿದ್ದ ಗೇಮ್ ಬಂದ್ರೆ ಮಾತ್ರ ಆ ತಿಂಗಳು ತಗೊಳ್ಳಿ. ಗೇಮ್ ಪಾಸನ್ನ ಆಟೋ ರಿನ್ಯೂವಲ್‌ನಿಂದ ತೆಗೀರಿ. ವರ್ಷಕ್ಕೆ ಎರಡ್ಮೂರು ತಿಂಗಳು, ಲಿಸ್ಟ್ ನೋಡ್ಕೊಂಡು, ರಜೆ ಇರೋ ಟೈಮಲ್ಲಿ ಹಾಕಿಸ್ಕೊಂಡ್ರೆ ವಾರಕ್ಕೆ ನಾಲ್ಕು ಗಂಟೆಯವರಿಗೆ ಧಾರಾಳ ಆಯ್ತು. ಎಪಿಕ್‌ದು ಫ್ರೀ, ಕ್ಲೇಮ್ ಮಾಡೋದು ಬಿಡೋದು ನಿಮ್ಮಿಷ್ಟ, ಶೀಟಿಗೆ ಮಾತ್ರ ಸೇರಿಸ್ಬೇಡಿ.

ಇನ್ನು ತಮ್ಮ. ಕೊಡಿ, ಖಂಡಿತ ಕೊಡಿ. ಸ್ಟೀಮ್ ಫ್ಯಾಮಿಲೀಸ್ ಅಂತ ಇದೆ, 2024ರ ಸೆಪ್ಟೆಂಬರಿಂದ ಎಲ್ಲರಿಗೂ ಸಿಕ್ತಿದೆ, ಒಂದೇ ಮನೇಲಿರೋ 6 ಜನರವರೆಗೆ ಲೈಬ್ರರಿ ಹಂಚ್ಕೋಬಹುದು. ಹಳೇ ಪದ್ಧತಿಯಲ್ಲಿ ನೀವು ಆಡೋಕೆ ಕೂತ್ರೆ ಅವನು ಎದ್ದೇಳ್ಬೇಕಿತ್ತು, ಈಗ ನೀವು ಒಂದು ಗೇಮ್ ಆಡ್ತಾ ಇದ್ರೆ ಅವನು ನಿಮ್ಮ ಲೈಬ್ರರಿಯಿಂದಲೇ ಬೇರೆ ಗೇಮ್ ಆಡಬಹುದು, ಒಂದೇ ಗೇಮನ್ನ ಒಂದೇ ಹೊತ್ತಿಗೆ ಇಬ್ರು ಆಡೋಕಾಗಲ್ಲ ಅಷ್ಟೇ. ಎಲ್ಲಾ ಗೇಮ್ ಶೇರ್ ಆಗಲ್ಲ, ಕೆಲವು ಕಂಪನಿಯವರು ಬಿಡಲ್ಲ. ಇನ್ನೊಂದು, ಫ್ಯಾಮಿಲಿಯಿಂದ ಹೊರಗೆ ಹೋದ್ರೆ, ಈ ಫ್ಯಾಮಿಲಿ ಸೇರಿದ ದಿನದಿಂದ ಒಂದು ವರ್ಷ ಆಗೋವರೆಗೂ ಬೇರೆ ಫ್ಯಾಮಿಲಿ ಸೇರೋಕಾಗಲ್ಲ, ನಾಳೆ ಅವನು ಕೆಲಸಕ್ಕೆ ಅಂತ ಬೇರೆ ಊರಿಗೆ ಹೋಗೋನಿದ್ರೆ ಅದನ್ನ ಯೋಚ್ನೆ ಮಾಡಿ. ಮತ್ತೆ ಆನ್‌ಲೈನ್ ಗೇಮಲ್ಲಿ ಚೀಟ್ ಗೀಟ್ ಹಾಕೋ ಹುಡುಗ ಆಗಿದ್ರೆ ಮೊದಲೇ ಕಿವಿ ಹಿಂಡಿ ಹೇಳಿಬಿಡಿ, ನಿಮ್ಮ ಕಾಪಿಯಲ್ಲಿ ಅವನು ಚೀಟ್ ಮಾಡಿ ಸಿಕ್ಕಿಬಿದ್ರೆ ಆ ಗೇಮಲ್ಲಿ ನಿಮಗೂ ಬ್ಯಾನ್ ಬೀಳುತ್ತೆ.