ಕಾರವಾರದಲ್ಲಿ ಸಣ್ಣ ಮಕ್ಕಳನ್ನು ಪಾರ್ಕಿಗೆ ಕರೆದೊಯ್ದರೆ ಏನು ಆಡಿಸೋದು?

ಹೊಸದಾಗಿ ವರ್ಗವಾಗಿ ಬಂದಿದ್ದೇವೆ, ಮಕ್ಕಳಿಗೆ ಮೂರು ಮತ್ತು ಆರು ವರ್ಷ, ಜೋಕಾಲಿ ಜಾರುಬಂಡಿ ಮುಗಿದ ಹತ್ತೇ ನಿಮಿಷಕ್ಕೆ "ಮೊಬೈಲ್ ಕೊಡು" ಶುರುವಾಗುತ್ತದೆ ಅಂತ ಕೇಳಿದ್ದೀರಿ. ನನ್ನ ಮಗಳಿಗೆ ಏಳು, ಮಗನಿಗೆ ನಾಲ್ಕು. ತವರು ಶಿರಸಿ ಕಡೆ, ಕಾರವಾರಕ್ಕೆ ಬಂದು ಎಂಟು ವರ್ಷ ಆಯ್ತು. ಸಂಜೆಯ ಪಾರ್ಕ್ ಡ್ಯೂಟಿ ಮನೆಯಲ್ಲಿ ನನ್ನದೇ.

ಮೊದಮೊದಲು ನಾನು ಚೀಲದ ತುಂಬ ಸಾಮಾನು ಹೊತ್ತು ಹೋಗುತ್ತಿದ್ದೆ. ಚೆಂಡು, ರಿಂಗು, ಸೋಪಿನ ಗುಳ್ಳೆ ಊದುವ ಡಬ್ಬಿ. ಎಲ್ಲವೂ ಜಗಳದಲ್ಲಿ ಮುಗಿಯುತ್ತಿತ್ತು. ಈಗ ಒಯ್ಯುವುದು ನೀರಿನ ಬಾಟಲಿ, ಒಂದು ಹಳೇ ಸೌಟು, ಒಂದು ತೆಂಗಿನ ಗರಟೆ. ಈ ವಯಸ್ಸಿನವರಿಗೆ "ಹೋಗಿ ಆಡ್ಕೊಳ್ಳಿ" ಅಂದರೆ ಏನೂ ತೋಚುವುದಿಲ್ಲ. "ಇದೊಂದು ಕೆಲಸ ಮಾಡಿಕೊಡು" ಅಂದರೆ ಅರ್ಧ ಗಂಟೆ ಈ ಕಡೆ ತಿರುಗಿ ನೋಡುವುದಿಲ್ಲ.

ಠಾಗೋರ್ ಬೀಚಿನ ಉದ್ದಕ್ಕೂ ಇರುವ ಗಾಳಿಮರದ ಕೆಳಗೇ ಕೂತುಬಿಡಿ. ನೆಲದಲ್ಲಿ ಸೂಜಿಯಂಥ ಹಸಿರು ಎಳೆಗಳು ಬಿದ್ದಿರುತ್ತವೆ. ನೋಡಿದರೆ ಎಲೆ ಅನ್ನಿಸುತ್ತದೆ, ಆದರೆ ಅದು ಎಳೇ ಕಡ್ಡಿ. ನಿಜವಾದ ಎಲೆ ಅಂದರೆ ಆ ಕಡ್ಡಿಯ ಪ್ರತಿ ಗೆಣ್ಣಿನ ಸುತ್ತ ಇರುವ ಪುಟ್ಟ ಪುಟ್ಟ ಹಲ್ಲುಗಳು, ಕಣ್ಣಿಗೆ ಹತ್ತಿರ ಹಿಡಿದರೆ ಕಾಣುತ್ತವೆ. ಹಸಿ ಕಡ್ಡಿಯನ್ನು ಎರಡೂ ಕೈಯಲ್ಲಿ ಹಿಡಿದು ಮೆಲ್ಲಗೆ ಎಳೆದರೆ ಒಂದು ಗೆಣ್ಣಿನಲ್ಲಿ ಟಕ್ ಅಂತ ಬಿಟ್ಟುಕೊಳ್ಳುತ್ತದೆ. ಮತ್ತೆ ಅಲ್ಲೇ ಸಿಕ್ಕಿಸಿದರೆ ಮುರಿದದ್ದೇ ಗೊತ್ತಾಗುವುದಿಲ್ಲ. ಒಬ್ಬರು ಮುರಿದು ಕೂಡಿಸಬೇಕು, ಇನ್ನೊಬ್ಬರು ಎಲ್ಲಿ ಮುರಿದದ್ದು ಅಂತ ಹೇಳಬೇಕು. ನನ್ನ ಮಗಳು ಇದರಲ್ಲಿ ನನ್ನನ್ನು ದಿನಾ ಸೋಲಿಸುತ್ತಾಳೆ. ನನಗೆ ಚಾಳೀಸು ಬಂದಿರುವುದೂ ಅದಕ್ಕೊಂದು ಕಾರಣ ಅನ್ನಿ. ನಿಮ್ಮ ಆರು ವರ್ಷದವರಿಗೆ ಹೇಳಿ ಮಾಡಿಸಿದ ಆಟ. ಮೂರರದು ಸುಮ್ಮನೆ ಮುರಿಯುತ್ತ ಕೂರಲಿ, ಅದೂ ಖುಷಿಯೇ.

ಸಣ್ಣದಕ್ಕೆ ಏಡಿ ಸಾಕು. ಇಳಿತದ ಹೊತ್ತಿಗೆ ಒದ್ದೆ ಮರಳಿನ ಮೇಲೆ ಸಾಸಿವೆಯಷ್ಟು, ಕಡಲೆಯಷ್ಟು ಮರಳುಂಡೆಗಳು ಸಾಲಾಗಿ ಬಿದ್ದಿರುತ್ತವೆ, ನಡುವೆ ಒಂದು ತೂತು. ಸಣ್ಣ ಏಡಿಗಳು ಮರಳಿನಲ್ಲಿದ್ದ ತಿನ್ನುವ ಅಂಶ ತೆಗೆದುಕೊಂಡು ಉಳಿದದ್ದನ್ನು ಉಂಡೆ ಕಟ್ಟಿ ಬಿಟ್ಟಿದ್ದು ಅದು. ತೂತಿನಿಂದ ನಾಲ್ಕು ಮಾರು ದೂರ ಅಲುಗದೆ ಕೂತರೆ ಅವು ಹೊರಗೆ ಬರುತ್ತವೆ, ಕೈ ಎತ್ತಿದರೆ ಮಾಯ. "ಆಯಿ, ಏಡಿ ಎಲ್ಲಿ ಹೋತು?" ಅಂತ ನನ್ನ ಮಗ ಪಿಸುಗುಟ್ಟುವುದು ಅಲ್ಲಿ ಮಾತ್ರ. ಮನೆಯಲ್ಲಿ ಅವನಿಗೆ ಪಿಸುಮಾತು ಬರುವುದೇ ಇಲ್ಲ. ತೂತಿಗೆ ಕಡ್ಡಿ ಹಾಕಲು ಬಿಡಬೇಡಿ, ಸೌಟಿನಿಂದ ಅಗೆಯಲೂ ಬೇಡ. ಸೌಟು ಬೇರೆ ಕಡೆ ಗುಂಡಿ ತೋಡಲಿಕ್ಕೆ.

ಇನ್ನೊಂದು, ಅಲೆ ಬಂದು ಮುಟ್ಟುವ ಅಂಚಿಗೆ ಒಂದು ಕೋಲು ನೆಟ್ಟು ಬನ್ನಿ. ಉಬ್ಬರ ಬರುತ್ತಿದ್ದರೆ ಹೊರಡುವ ಹೊತ್ತಿಗೆ ಕೋಲು ನೀರಲ್ಲಿರುತ್ತದೆ, ಇಳಿತವಾಗಿದ್ದರೆ ಮರಳಲ್ಲಿ ಒಂಟಿಯಾಗಿ ನಿಂತಿರುತ್ತದೆ. ಉಬ್ಬರ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತ ಹೋಗುತ್ತದೆ, ಹಾಗಾಗಿ ಸಂಜೆ ಅದೇ ಹೊತ್ತಿಗೆ ಹೋದರೂ ವಾರದೊಳಗೆ ಸಮುದ್ರ ಬೇರೆಯೇ ಕಾಣುತ್ತದೆ. ಅಮಾವಾಸ್ಯೆ ಹುಣ್ಣಿಮೆ ಆಸುಪಾಸಿನಲ್ಲಿ ನೀರು ಹೆಚ್ಚು ಮೇಲೆ ಬರುತ್ತದೆ, ಚಪ್ಪಲಿ ಎಲ್ಲಿ ಬಿಡುತ್ತೀರಿ ನೋಡಿಕೊಳ್ಳಿ. ಒಂದು ಜೊತೆ ಕಳೆದುಕೊಂಡವಳ ಮಾತು.

ಶಿರಸಿ ಕಡೆ ಯಾರಾದರೂ ಪರಿಚಯವಿದ್ದರೆ ಒಂದು ದೊಡ್ಡ ಅಡಿಕೆ ಹಾಳೆ ತರಿಸಿ. ಸಣ್ಣದನ್ನು ಅದರ ಮೇಲೆ ಕೂರಿಸಿ ದೊಡ್ಡದು ಸೋಗೆ ಹಿಡಿದು ಎಳೆಯುವುದು. ನಾವೆಲ್ಲ ಅಂಗಳದಲ್ಲಿ ಹೀಗೇ ಚಡ್ಡಿ ಹರಿದುಕೊಂಡವರು. ಒಣ ಮರಳಲ್ಲಿ ಹಾಳೆ ಹೂತುಕೊಳ್ಳುತ್ತದೆ, ಗಟ್ಟಿ ಒದ್ದೆ ಮರಳಲ್ಲಿ ಅಥವಾ ಪಾರ್ಕಿನ ಹುಲ್ಲಿನ ಮೇಲೆ ಚೆನ್ನಾಗಿ ಓಡುತ್ತದೆ.

ಚಪಲ್ ಯುದ್ಧನೌಕೆ ಮ್ಯೂಸಿಯಂ ಒಂದೆರಡು ಸಲಕ್ಕೆ ಸರಿ, ದಿನಾ ಹೋಗುವ ಜಾಗ ಅಲ್ಲ.

ಬಿಸಿಲು ಇಳಿಯುವ ಮುಂಚೆ ಹೋಗಬೇಡಿ. ಒಂದು ಪಾರ್ಕಿನಲ್ಲಿ ಮೂರೂವರೆಗೆ ತಗಡಿನ ಜಾರುಬಂಡಿ ಹತ್ತಿಸಿ ಮಗನ ತೊಡೆ ಕೆಂಪಾಗಿ, ಎರಡು ದಿನ ಅಲೋವೆರಾ ಹಚ್ಚಿದ್ದೆ. ಈಗ ಮೊದಲು ನನ್ನ ಅಂಗೈ ಇಟ್ಟು ನೋಡುತ್ತೇನೆ. ಬೀಜ ಹೆಕ್ಕುವುದು ಮಕ್ಕಳಿಗೆ ಇಷ್ಟ, ಆದರೆ ಕಪ್ಪು ಚುಕ್ಕೆಯ ಕೆಂಪು ಗುಲಗಂಜಿ ಕಂಡರೆ ಕೈಯಿಂದ ತೆಗೆದುಕೊಳ್ಳಿ, ಅಗಿದರೆ ವಿಷ. ಮಳೆಗಾಲದಲ್ಲಿ ನೀರಿನ ಹತ್ತಿರವೇ ಬೇಡ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳೇ ಕಡಲಿಗೆ ಇಳಿಯುವುದಿಲ್ಲ. ಆ ತಿಂಗಳುಗಳಲ್ಲಿ ಪಾರ್ಕಿನ ಹೊಂಡದಲ್ಲಿ ಕಾಗದದ ದೋಣಿ ಬಿಟ್ಟರಾಯಿತು.

ಹೊರಡುವಾಗಿನ ಅಳು ಇದ್ದೇ ಇದೆ. ನಾನು ಕೊನೆಗೂ ಒಂದು ಕೆಲಸ ಕೊಡುತ್ತೇನೆ: ತೋಡಿದ ಗುಂಡಿ ಮುಚ್ಚುವುದು, ಕತ್ತಲಲ್ಲಿ ನಡೆಯುವವರ ಕಾಲು ಸಿಕ್ಕಿಕೊಳ್ಳಬಾರದಲ್ಲ. ಬಹಳ ಸಲ ಇದು ಕೆಲಸ ಮಾಡುತ್ತದೆ. ಮೊನ್ನೆ ಮಾತ್ರ ಮಗ ಗುಂಡಿ ಮುಚ್ಚಲು ಮರಳು ಸಾಲಲಿಲ್ಲ ಅಂತ ಪಕ್ಕದಲ್ಲಿ ಅದಕ್ಕಿಂತ ದೊಡ್ಡದೊಂದು ತೋಡಿದ. ಮನೆಗೆ ಬರುವಾಗ ಎಂಟು ಗಂಟೆ.