ಪ್ರಾಕ್ಟೀಸಲ್ಲಿ ಹುಲಿ, ಮ್ಯಾಚಲ್ಲಿ ಇಲಿ: ಮಗಳಿಗೆ ಮೈಂಡ್‌ಸೆಟ್ ಕೋಚ್ ಬೇಕಾ?

ನಿಮ್ಮ ಪ್ರಶ್ನೆ ಓದಿದೆ. ಮಗಳಿಗೆ 14 ವರ್ಷ, ಅಂಡರ್-15 ಶಟಲ್ ಆಡುತ್ತಾಳೆ. ಅಕಾಡೆಮಿಯಲ್ಲಿ ತನಗಿಂತ ದೊಡ್ಡವರನ್ನೂ ಸೋಲಿಸುತ್ತಾಳೆ, ಟೂರ್ನಿಗೆ ಹೋದರೆ ಎರಡನೇ ರೌಂಡಲ್ಲೇ ವಾಪಸ್. ನಿಮ್ಮ ಆಫೀಸಿನ ಮ್ಯಾನೇಜರ್‌ಗಳಿಗೆ ಲೀಡರ್‌ಶಿಪ್ ಕ್ಲಾಸ್ ತೆಗೆದುಕೊಳ್ಳುವ ಮೈಂಡ್‌ಸೆಟ್ ಕೋಚ್ ಒಬ್ಬರು ಅವಳಿಗೂ ಹೇಳಿಕೊಡುತ್ತೇನೆ ಎಂದಿದ್ದಾರೆ. ಮೂರು ತಿಂಗಳಿಗೆ 45 ಸಾವಿರ. ಕೊಡಬೇಕಾ ಅಂತ ಕೇಳಿದ್ದೀರಿ.

ಈಗಲೇ ಕೊಡಬೇಡಿ. ನಾನು ಮೈಸೂರಲ್ಲಿ ಮಕ್ಕಳಿಗೆ ಶಟಲ್ ಹೇಳಿಕೊಡುವವನು, ಮನಶ್ಶಾಸ್ತ್ರ ಓದಿದವನಲ್ಲ. ಆದರೆ ನಿಮ್ಮ ಮಗಳಂಥ ಮಕ್ಕಳನ್ನು ದಿನಾ ನೋಡುತ್ತೇನೆ.

ಮೈಂಡ್‌ಸೆಟ್ ಕೋಚಿಂಗ್ ಪೂರ್ತಿ ಬೊಗಳೆ ಅಂತ ಹೇಳುವವನಲ್ಲ ನಾನು. 2011ರ ವಿಶ್ವಕಪ್ ಗೆದ್ದ ನಮ್ಮ ಕ್ರಿಕೆಟ್ ತಂಡದ ಜೊತೆ ಪ್ಯಾಡಿ ಅಪ್ಟನ್ ಇದೇ ಕೆಲಸಕ್ಕೆ ಇದ್ದರು. ಆಮೇಲೆ ಚೆಸ್ ಆಟಗಾರ ಗುಕೇಶ್ ಜೊತೆಗೂ ಕೆಲಸ ಮಾಡಿದರು. 2024ರ ಸಿಂಗಾಪುರದ ವಿಶ್ವ ಚಾಂಪಿಯನ್‌ಶಿಪ್ ಪಂದ್ಯ ನೆನಪಿದೆಯಲ್ಲ? ಗುಕೇಶ್ ಮೊದಲ ಆಟವನ್ನೇ ಸೋತ, ಮೂರನೇದು ಗೆದ್ದ. 11ನೇದು ಗೆದ್ದು ಮುಂದೆ ಹೋದ, ಅದರ ಮುಂದಿನದ್ದೇ ಸೋತು ಮತ್ತೆ ಸಮ ಮಾಡಿಕೊಂಡ. ಆದರೂ 14ನೇ ಆಟದಲ್ಲಿ ಎದುರಾಳಿ ಡಿಂಗ್ ಲಿರೆನ್ ತಪ್ಪು ಮಾಡುವ ತನಕ ಪಟ್ಟು ಬಿಡದೆ ಕೂತು, 18ನೇ ವಯಸ್ಸಿಗೇ ವಿಶ್ವ ಚಾಂಪಿಯನ್ ಆದ. ಎಲ್ಲಾ ಅಪ್ಟನ್ ಪುಣ್ಯ ಅಂತಲ್ಲ, ಹುಡುಗನೇ ಗಟ್ಟಿಗ. ಆದರೆ ಸೋತ ಮಾರನೇ ದಿನ ಬೋರ್ಡ್ ಮುಂದೆ ಹೇಗೆ ಕೂರಬೇಕು ಅನ್ನೋದನ್ನು ಕಲಿಯಬಹುದು, ಕಲಿಸಲೂಬಹುದು.

ಪ್ರಶ್ನೆ ಇರೋದು, ನಿಮ್ಮ ಮಗಳಿಗೆ ಕೆಡುತ್ತಿರೋದು ಎಲ್ಲಿ ಅಂತ. ಮುಂದಿನ ಮ್ಯಾಚಲ್ಲಿ ಗೇಮ್ ಮುಗಿಯುವ ಹೊತ್ತಿಗೆ 17-17 ಆದ ಮೇಲೆ ಗಮನವಿಟ್ಟು ನೋಡಿ. ರ‍್ಯಾಲಿ ನೋಡಬೇಡಿ, ರ‍್ಯಾಲಿ ಮುಗಿದ ಮೇಲೆ ಅವಳ ಕಾಲು ನೋಡಿ. ತುಂಬಾ ಮಕ್ಕಳು ಪಾಯಿಂಟ್ ಹೋದ ತಕ್ಷಣ ಓಡಿ ಶಟಲ್ ಎತ್ತಿ, ಎದುರಿನವರಿಗೆ ತಳ್ಳಿ, ಉಸಿರು ತಿರುಗಿಸಿಕೊಳ್ಳುವ ಮೊದಲೇ ರಿಸೀವ್‌ಗೆ ನಿಂತುಬಿಡುತ್ತಾರೆ. ಆದ ಅವಮಾನ ಬೇಗ ಮರೆತುಹೋಗಲಿ ಅನ್ನೋ ಆತುರ. ಹಾಗೆ ನಿಂತಾಗಲೇ ಮೂರ್ನಾಲ್ಕು ಪಾಯಿಂಟ್ ಸಾಲಾಗಿ ಹೋಗೋದು.

ನನ್ನ ಹತ್ತಿರ ಇಂಥವಳೇ ಒಬ್ಬಳಿದ್ದಳು. ಅವಳಿಗೆ ಕಲಿಸಿದ್ದು ಇಷ್ಟೇ. ಪಾಯಿಂಟ್ ಮುಗಿದ ಮೇಲೆ ಹಿಂದಿನ ಲೈನ್ ಕಡೆ ನಡಿ. ರಾಕೆಟ್ಟಿನ ಗಟ್ಟಿಂಗ್ (ತಂತಿ) ನೋಡುತ್ತಾ ಬೆರಳಲ್ಲಿ ಸರಿಮಾಡು. ಉದ್ದಕ್ಕೆ ಉಸಿರು ಬಿಡು. ಮುಂದಿನ ಶಟಲ್ ಎಲ್ಲಿಗೆ ಅಂತ ಒಂದೇ ಮಾತು ಹೇಳಿಕೋ, "ಬ್ಯಾಕ್‌ಹ್ಯಾಂಡ್ ಮೂಲೆ". ಆಮೇಲೆ ಬಂದು ನಿಲ್ಲು. ಪಾಯಿಂಟ್ ಗೆದ್ದರೂ ಇದೇ, ಹೋದರೂ ಇದೇ. ಅಂಪೈರ್ ಕರೆಯುವಷ್ಟು ತಡ ಮಾಡೋ ಹಾಗಿಲ್ಲ, ಆದರೆ ಇಷ್ಟಕ್ಕೆ ಸಮಯ ಸಿಗುತ್ತದೆ.

ಇಲ್ಲಿ ಎಲ್ಲಿಗೆ ಹೊಡೆಯಬೇಕು ಅನ್ನೋದು ಮಾತ್ರ ತಲೆಯಲ್ಲಿರಲಿ. ಹೇಗೆ ಹೊಡೆಯಬೇಕು, ಮಣಿಕಟ್ಟು ಸರಿ ಇದೆಯಾ ಅಂತ 19-19ರಲ್ಲಿ ಯೋಚಿಸಲು ಹೊರಟರೆ ಕೈ ಕಟ್ಟಿದ ಹಾಗಾಗುತ್ತದೆ. ಸಿಯಾನ್ ಬೈಲಾಕ್ ಅನ್ನೋ ಅಮೆರಿಕದ ಮನಶ್ಶಾಸ್ತ್ರಜ್ಞೆ ಗಾಲ್ಫ್ ಆಡುವವರಲ್ಲಿ ಇದನ್ನೇ ಕಂಡರು. ಹೊಡೆಯುವ ರೀತಿಯ ಮೇಲೆ ಗಮನ ಇಡಿ ಎಂದಾಗ ಹೊಸಬರಿಗೆ ಏನೂ ತೊಂದರೆ ಆಗಲಿಲ್ಲ, ಪಳಗಿದವರ ಆಟವೇ ಕೆಟ್ಟಿತು.

ಎರಡನೇದು, ಪ್ರಾಕ್ಟೀಸಲ್ಲಿ ಒತ್ತಡ ಇಲ್ಲದಿದ್ದರೆ ಮ್ಯಾಚಲ್ಲಿ ಅದು ಹೊಸದಾಗಿ ಕಾಣುತ್ತದೆ. ರೈಫಲ್ ಶೂಟರ್ ಅಭಿನವ್ ಬಿಂದ್ರಾ 2004ರ ಅಥೆನ್ಸ್ ಒಲಿಂಪಿಕ್ಸಲ್ಲಿ ಮೂರನೆಯವರಾಗಿ ಫೈನಲ್‌ಗೆ ಹೋಗಿ ಏಳನೆಯವರಾದರು. ನಿಂತ ಜಾಗದ ಟೈಲ್ ಸಡಿಲ ಇತ್ತು ಅಂತ ಗೊತ್ತಾಗಿದ್ದು ಆಮೇಲೆ. 2008ರ ಬೀಜಿಂಗಲ್ಲಿ ಫೈನಲ್‌ಗೆ ಮುಂಚಿನ ಟ್ರಯಲ್ ಗುಂಡು ಎಲ್ಲೋ ಹೋಯಿತು, ರೈಫಲ್ಲಿನ ಸೈಟ್ ಕದಲಿತ್ತು. ಈ ಸಲ ಗಾಬರಿಯಾಗದೆ ಸರಿಮಾಡಿಕೊಂಡು, ಕೊನೆಯ ಗುಂಡಿಗೆ 10.8 ಹೊಡೆದು ಚಿನ್ನ ತಂದರು. ಏನು ಬೇಕಾದರೂ ಕೆಡಬಹುದು ಅಂತಲೇ ತಯಾರಾಗಿ ಹೋಗಿದ್ದರು.

ನಮ್ಮ ಹಾಲಲ್ಲಿ ಇದಕ್ಕೆ ಖರ್ಚೇನೂ ಇಲ್ಲ. ಗೇಮನ್ನು 19-19ರಿಂದ ಶುರು ಮಾಡಿಸುತ್ತೇನೆ. ಪಕ್ಕದ ಕೋರ್ಟಿನವರು ಬಂದು ಸುತ್ತ ನಿಂತು ಗಲಾಟೆ ಮಾಡಬೇಕು. ನಡುವೆ ಬೇಕಂತಲೇ ಒಂದು ಲೈನ್ ಕಾಲ್ ತಪ್ಪು ಕೊಡುತ್ತೇನೆ. ಸೋತವರು ಹಾಲ್ ಪೂರ್ತಿ ಶಟಲ್ ಆಯಬೇಕು. ಮೊದಮೊದಲು ಮಕ್ಕಳು ಮೂತಿ ಊದಿಸಿಕೊಳ್ಳುತ್ತಾರೆ, ಆಮೇಲೆ ಇದೇ ಗೇಮ್ ಬೇಕು ಅಂತ ತಾವೇ ಕೇಳುತ್ತಾರೆ. ನಿಮ್ಮ ಮಗಳ ಕೋಚ್ ಹತ್ತಿರ ಇದನ್ನು ಕೇಳಿ ನೋಡಿ.

ಇನ್ನು ನಿಮ್ಮ ವಿಷಯ. ಬೇಜಾರು ಮಾಡಿಕೊಳ್ಳಬೇಡಿ. ಗೇಮಲ್ಲಿ 11 ಪಾಯಿಂಟ್ ಆದಾಗ ಸಿಗುವ ಬ್ರೇಕ್ 60 ಸೆಕೆಂಡ್. ಅಷ್ಟರಲ್ಲಿ ಕೋಚ್ ಒಂದು ಮಾತು, ಅಪ್ಪ ನಾಲ್ಕು ಮಾತು ಹೇಳಿದರೆ ಮಗುವಿಗೆ ಯಾವುದೂ ತಲೆಗೆ ಹೋಗಲ್ಲ. ನೀರಿನ ಬಾಟಲಿ ಕೊಟ್ಟು ಸುಮ್ನೆ ಕೂತಿರಿ. ಸೋತು ಮನೆಗೆ ಹೋಗುವಾಗ ಕಾರಲ್ಲಿ ಮ್ಯಾಚ್ ಸುದ್ದಿ ಅವಳೇ ಎತ್ತಿದರೆ ಮಾತ್ರ ಮಾತಾಡಿ. ಅಪ್ಪ ಅಮ್ಮನ ಮುಖ ನೋಡಿ ನೋಡಿ ಆಡೋ ಮಕ್ಕಳು ತುಂಬಾ ಜನ ಇದ್ದಾರೆ.

ಮ್ಯಾನೇಜರ್‌ಗಳ ಕ್ಲಾಸ್ ಬಗ್ಗೆಯೂ ಒಂದು ಮಾತು. ರೆಸಾರ್ಟಿಗೆ ಕರೆದುಕೊಂಡು ಹೋಗಿ ಕೆಂಡದ ಮೇಲೆ ನಡೆಸಿ "ಈಗ ನಿಮ್ಮ ಭಯ ಹೋಯಿತು" ಅನ್ನುವವರೂ ಇದ್ದಾರೆ. ನಮ್ಮ ಕಡೆ ಜಾತ್ರೆಗಳಲ್ಲಿ ವರ್ಷ ವರ್ಷವೂ ಕೊಂಡ ಹಾಯುತ್ತಾರೆ, ಯಾರೂ ಸಿಇಒ ಆಗಿದ್ದು ಕಾಣೆ. ಮ್ಯಾನೇಜರ್‌ಗೆ ಬೇಕಾಗಿರೋದೂ ಆ 17-17ರ ಕೆಲಸವೇ. ಮೀಟಿಂಗಲ್ಲಿ ಯಾರಾದರೂ ಚುಚ್ಚಿದಾಗ ಬಾಯಿ ತೆರೆಯುವ ಮೊದಲು ಏನು ಮಾಡಬೇಕು ಅಂತ ಮೊದಲೇ ಗೊತ್ತಿರೋದು.

ನಮ್ಮಲ್ಲಿ ಯಾರು ಬೇಕಾದರೂ ಮೈಂಡ್‌ಸೆಟ್ ಕೋಚ್ ಅಂತ ಬೋರ್ಡ್ ಹಾಕಿಕೊಳ್ಳಬಹುದು, ಲೈಸೆನ್ಸ್ ಬೇಕಿಲ್ಲ. ಕ್ಲಿನಿಕಲ್ ಸೈಕಾಲಜಿಸ್ಟ್ ಆಗಿದ್ದರೆ ಆರ್‌ಸಿಐ (ರಿಹ್ಯಾಬಿಲಿಟೇಶನ್ ಕೌನ್ಸಿಲ್ ಆಫ್ ಇಂಡಿಯಾ) ನೋಂದಣಿ ಸಂಖ್ಯೆ ಇರುತ್ತದೆ, ಕೇಳಿ ನೋಡಬಹುದು. ಮಗಳು ಸರಿಯಾಗಿ ನಿದ್ದೆ ಮಾಡದೆ, ಊಟ ಬಿಟ್ಟು, ಟೂರ್ನಿ ಹೆಸರೆತ್ತಿದರೆ ಅಳುತ್ತಿದ್ದರೆ ಅದು ಕೋಚ್ ಕೆಲಸ ಅಲ್ಲವೇ ಅಲ್ಲ. ಕ್ಲಿನಿಕಲ್ ಸೈಕಾಲಜಿಸ್ಟ್ ಹತ್ತಿರವೇ ಹೋಗಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿದರೆ ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡು ಕೊಡಬೇಕಿಲ್ಲ.

ಹಾಗೇನೂ ಇಲ್ಲ, ಬರೀ ಮ್ಯಾಚ್ ಗಾಬರಿ ಅಂತಾದರೆ ಆ ಕೋಚನ್ನು ಮುಂದಿನ ಟೂರ್ನಿಗೆ ಕರೆಯಿರಿ. ಅವತ್ತಿನ ಫೀಸ್ ಕೊಡಿ. ಒಂದು ಮ್ಯಾಚ್ ಪೂರ್ತಿ ನೋಡಿ, ಶಟಲ್ ಕೋಚ್ ಜೊತೆ ಕೂತು ಮಾತಾಡಿ, ಮಗಳು ಹೇಳಿದ್ದನ್ನೆಲ್ಲಾ ನಿಮಗೆ ಒಪ್ಪಿಸಲ್ಲ ಅಂತಲೂ ಹೇಳುವವರಾದರೆ ಮೂರು ತಿಂಗಳ ಮಾತು ಯೋಚಿಸಬಹುದು. ಬರೋಕಾಗಲ್ಲ, ಝೂಮಲ್ಲೇ ಎಲ್ಲಾ ಆಗುತ್ತೆ ಅಂದರೆ ಬೇಡ ಅಂದುಬಿಡಿ. ಆ ದುಡ್ಡಲ್ಲಿ ಇನ್ನೊಂದಷ್ಟು ಟೂರ್ನಿ ಆಡಿಸಿ.